ಅಚ್ಚು ನಕಲಲ್ಲ

ಚಿತ್ರಪ್ರದರ್ಶನಗಳಲ್ಲಿ ಮರದಚ್ಚಿನ ಚಿತ್ರದ ಮುಂದೆ ನಿಂತವರು, ‘ಚೆನ್ನಾಗಿದೆ, ಆದರೆ ಇದರ ಮೂಲ ಎಲ್ಲಿದೆ?’ ಎಂದು ವಿಚಾರಿಸುವುದನ್ನು ಹಲವು ಬಾರಿ ಕೇಳಿದ್ದೇನೆ. ಇಂಥವೇ ಇನ್ನೂ ಹತ್ತಾರು ಪ್ರತಿಗಳಿವೆ ಎಂದೊಡನೆ ಅವರ ಆಸಕ್ತಿ ಕುಂದುತ್ತದೆ. ತೈಲವರ್ಣವೇ ಕಲೆ, ಅಚ್ಚು ಅದರ ನೆರಳು ಎಂಬ ನಂಬಿಕೆ ಸುಶಿಕ್ಷಿತರಲ್ಲೂ ಬೇರೂರಿದೆ. ಅದು ಎಷ್ಟು ಪೊಳ್ಳು ಎಂಬುದಕ್ಕೆ ನಾರ್ವೆಯ ಎಡ್ವರ್ಡ್ ಮುಂಕ್‌ನ ಒಂದು ಕೃತಿಯೇ ಸಾಕ್ಷಿ.

ಕಡಲ ದಂಡೆಯಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು. ಇಬ್ಬರೂ ನಮಗೆ ಬೆನ್ನು ಮಾಡಿ ನೀರಿನತ್ತ ನೋಡುತ್ತಿದ್ದಾರೆ. ‘ಏಕಾಂಗಿಗಳು’ ಎಂಬ ಹೆಸರಿನ ಈ ದೃಶ್ಯವನ್ನು ಮುಂಕ್ 1892ರಲ್ಲಿ ತೈಲವರ್ಣದಲ್ಲಿ ಚಿತ್ರಿಸಿದ. 1899ರಲ್ಲಿ ಮರದಲ್ಲಿ ಕೊರೆದ. ಕೊರೆದ ಹಲಗೆಯನ್ನು ಗರಗಸದಿಂದ ತುಂಡರಿಸಿದ. ಗಂಡಸು ದಂಡೆಯ ತುಂಡಿನಲ್ಲೇ ಉಳಿದ. ಹೆಣ್ಣು ಬೇರೆಯೇ ತುಂಡಾದಳು. ಒಂದೊಂದಕ್ಕೂ ಬೇರೆ ಬಣ್ಣ ಸವರಿ, ಮತ್ತೆ ಜೋಡಿಸಿ ಅಚ್ಚೊತ್ತಿದ. ತುಂಡುಗಳ ನಡುವಣ ಸಂದು ಕಾಗದದ ಮೇಲೆ ತೆಳುವಾದ ಬಿಳಿಗೆರೆಯಾಗಿ ಉಳಿಯಿತು. ಅವಳನ್ನು ಅವನಿಂದಲೂ ದಂಡೆಯಿಂದಲೂ ಬೇರ್ಪಡಿಸಿರುವುದು ಆ ಗೆರೆಯೇ. ಈ ಒಂಟಿತನ ಗರಗಸದ ಸೃಷ್ಟಿ. ಕುಂಚಕ್ಕೆ ಅದು ದಕ್ಕುವಂಥದಲ್ಲ. ಬಣ್ಣ ಬದಲಾದಂತೆ ಪ್ರತಿಯಿಂದ ಪ್ರತಿಗೆ ದಂಡೆಯ ಹೊತ್ತೂ ಭಾವವೂ ಬದಲಾಗುತ್ತವೆ. ಹೀಗಿರುವಾಗ ಯಾವುದು ಮೂಲ, ಯಾವುದು ನಕಲು?

1905ರಲ್ಲಿ ಡ್ರೆಸ್ಡೆನ್‌ನಲ್ಲಿ ಒಂದುಗೂಡಿದ ಕಿರ್ಚ್‌ನರ್, ಹೆಕೆಲ್ ಮೊದಲಾದ ಅಭಿವ್ಯಕ್ತಿವಾದಿ ತರುಣರೂ ಮರದ ಈ ಒರಟು ಶಕ್ತಿಯನ್ನೇ ನೆಚ್ಚಿದರು. ಕೆರೆಯ ದಂಡೆಯಲ್ಲಿ ಮೀಯುವವರನ್ನು ಕಿರ್ಚ್‌ನರ್ 1909ರಲ್ಲಿ ಕೊರೆದದ್ದು ಮರದಲ್ಲಿಯೇ.

ಇತಿಹಾಸದ ತೀರ್ಪೂ ಗಮನಾರ್ಹ. ಮುಂಕ್‌ನ 1892ರ ತೈಲಚಿತ್ರ 1901ರಲ್ಲಿ ಹಡಗಿನಲ್ಲಿ ಸಾಗುತ್ತಿದ್ದಾಗ ಸ್ಫೋಟಕ್ಕೆ ಸಿಕ್ಕಿ ನಾಶವಾಯಿತು. 1937ರಲ್ಲಿ ನಾಜಿ ಆಡಳಿತ ಜರ್ಮನಿಯ ವಸ್ತುಸಂಗ್ರಹಾಲಯಗಳಿಂದ ಅವನ 82 ಕೃತಿಗಳನ್ನು ತೆಗೆದುಹಾಕಿತು. ಆದರೆ ಆ ಮರದಚ್ಚು ಹಲವೆಡೆ ಹರಡಿತ್ತು. ಇಂದಿಗೂ ನಮ್ಮ ಕಣ್ಣಿಗೆ ಸಿಗುತ್ತದೆ. ನಾವು ಯಾವುದನ್ನು ಕೊರತೆಯೆಂದು ಭಾವಿಸುತ್ತೇವೆಯೋ ಅದೇ ಕೃತಿಯನ್ನು ಕಾಯಿತು.

ತೈಲಚಿತ್ರದ ಫೋಟೊ ತೆಗೆದು ಯಂತ್ರದಲ್ಲಿ ಮುದ್ರಿಸಿ ಮಾರುವುದೂ ಇಂದು ‘ಪ್ರಿಂಟ್’ ಎನಿಸಿಕೊಳ್ಳುವುದರಿಂದ ಗೊಂದಲ ಸಹಜ. ಅದು ನಿಜಕ್ಕೂ ನಕಲು. ವ್ಯತ್ಯಾಸವನ್ನು ತಿಳಿಸಿಕೊಡುವ ಹೊಣೆ ಗ್ಯಾಲರಿಗಳದು. ಮುಂಕ್ ಕೊರೆದ ಹಲಗೆಗಳನ್ನು ಆಸ್ಲೋದ ಮುಂಕ್ ಸಂಗ್ರಹಾಲಯ ಜತನದಿಂದ ಕಾಪಾಡಿಕೊಂಡಿದೆ. ನಮ್ಮಲ್ಲಿಯೂ ಪ್ರತಿ ಅಚ್ಚುಚಿತ್ರದ ಪಕ್ಕದಲ್ಲಿ ಅದರ ಹಲಗೆಯನ್ನು ಇಡಲಿ. ಉಳಿಯ ಗಾಯಗಳನ್ನು ಕಣ್ಣಾರೆ ಕಂಡವರು ಮೂಲ ಎಲ್ಲಿದೆ ಎಂದು ಕೇಳಲಾರರು.