ಬಾಟಲಿ ಫಳಫಳ, ಪೈಪಿನೊಳಗೆ ಲೋಳೆ (ಭಾಗ 3)

ಗ್ಲೌಸ್ ಹೊಸದು. ಇನ್‌ಸ್ಟ್ರುಮೆಂಟ್ ಆಟೋಕ್ಲೇವ್ ಆಗಿದೆ. ಸರಿ, ಹ್ಯಾಂಡ್‌ಪೀಸಿನಿಂದ ಪೇಶೆಂಟ್ ಬಾಯಿಗೆ ಚಿಮ್ಮೋ ನೀರು?

"ಬಾಟಲಿಗೆ ಆರ್‌ಒ ನೀರೇ ಹಾಕೋದು" ಅಂತೀರಿ. ಆದರೆ ಕೊಳೆ ಇರೋದು ಬಾಟಲಿಯಲ್ಲಲ್ಲ, ಪೈಪಿನೊಳಗೆ. ಡೆಂಟಲ್ ಚೇರಿನ ಆ ಸಣ್ಣ ಪೈಪಿನಲ್ಲಿ ರಾತ್ರಿಯಿಡೀ, ರಜೆಯಿಡೀ ನೀರು ನಿಂತಿರುತ್ತೆ. ಒಳಗೋಡೆಗೆ ಬ್ಯಾಕ್ಟೀರಿಯಾ ಲೋಳೆಯಾಗಿ ಅಂಟಿಕೊಳ್ಳುತ್ತೆ. ಅದೇ ಬಯೋಫಿಲ್ಮ್. ಶುದ್ಧ ನೀರೂ ಅದರ ಮೇಲೆ ಹರಿದೇ ಹೊರಗೆ ಬರಬೇಕು. ಪ್ರತಿ ಪೇಶೆಂಟ್ ಆದ್ಮೇಲೆ 20-30 ಸೆಕೆಂಡ್ ನೀರು ಬಿಡೋದು ಬೇಕೇ ಬೇಕು, ಆದರೆ ಅಷ್ಟಕ್ಕೇ ಲೋಳೆ ಕಿತ್ತು ಬರಲ್ಲ.

"ಇಷ್ಟಕ್ಕೆಲ್ಲ ಯಾರಿಗೇನಾಗುತ್ತೆ?" ಅನ್ನೋರೇ, ಕೇಳಿ. 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ, ಪಲ್ಪಾಟಮಿ ಮಾಡಿಸಿಕೊಂಡ ಹತ್ತಾರು ಮಕ್ಕಳಿಗೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಸೋಂಕು ತಗುಲಿತು. ಮೂಲ ಕ್ಲಿನಿಕ್ಕಿನ ನೀರು. ಹಾಲುಹಲ್ಲು ಉಳಿಸೋಕೆ ಹೋದ ಮಕ್ಕಳಲ್ಲಿ ಕೆಲವರು ದವಡೆ ಆಪರೇಷನ್ ಮಾಡಿಸಿಕೊಂಡು, ಶಾಶ್ವತ ಹಲ್ಲನ್ನೇ ಕಳ್ಕೊಂಡ್ರು.

ಅಲ್ಲಿನ ಸಿಡಿಸಿ ಹೇಳೋದು ಸ್ಪಷ್ಟ: ಮಾಮೂಲಿ ಚಿಕಿತ್ಸೆಯ ನೀರಲ್ಲಿ ಮಿಲಿಲೀಟರಿಗೆ 500 ಸಿಎಫ್‌ಯು ದಾಟಬಾರದು. ಸರ್ಜರಿಗಾದರೆ ಸ್ಟೆರೈಲ್ ನೀರು ಅಥವಾ ಸಲೈನ್ ಮಾತ್ರ. ಬರಿಗಣ್ಣಿಗೆ 500 ಕಾಣುತ್ತಾ? ಟೆಸ್ಟ್ ಮಾಡಿಸದೆ "ನಮ್ಮ ನೀರು ಚೆನ್ನಾಗಿದೆ" ಅನ್ನೋದು ಬರೀ ನಂಬಿಕೆ.

ಚೇರಿಗೆ ಲಕ್ಷಗಟ್ಟಲೆ ಸುರಿದು, ನೀರಿನ ಟೆಸ್ಟಿಗೆ ಮಾತ್ರ "ಖರ್ಚು" ಅನ್ನೋದು ನೆಪ ಕಣ್ರೀ.

ನಾಳೆ ಪೋಸ್ಟಿಂಗ್‌ನಲ್ಲಿ ಎರಡೇ ಪ್ರಶ್ನೆ ಕೇಳಿ. ಈ ಪೈಪನ್ನ ಕೊನೆಗೆ ಡಿಸಿನ್ಫೆಕ್ಟ್ ಮಾಡಿದ್ದು ಯಾವಾಗ? ಟೆಸ್ಟ್ ರಿಪೋರ್ಟ್ ಎಲ್ಲಿ? ಬೈಸಿಕೊಂಡ್ರೂ ಪರವಾಗಿಲ್ಲ, ಕೇಳಿ. ನಾವು ಕುಡಿಯೋಕೆ ಹಿಂಜರಿಯೋ ನೀರನ್ನ ಇನ್ನೊಬ್ಬರ ತೆರೆದ ಹಲ್ಲಿನೊಳಗೆ ಬಿಡೋ ಹಕ್ಕು ನಮಗಿಲ್ಲ.

#ನೀರುಟೆಸ್ಟ್‌ಮಾಡಿಸಿ