ಕತ್ತಲೆಗೆ ಮೊದಲು ಕೊಡ ತುಂಬಲಿ

ನಮ್ಮದು ವಿದ್ಯುತ್ತಿನ ಯುಗವೆಂದು ಹೇಳುವುದುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಇಂದು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನೆರೆಯ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವಿದೆ. ಇಷ್ಟೆಲ್ಲ ಇದ್ದರೂ ಬೇಸಿಗೆಯ ಬಿರುಗಾಳಿಗೆ ಊರಿನ ಒಂದು ಕಂಬ ಉರುಳಿದರೆ ಆ ಸಂಪತ್ತೆಲ್ಲ ನಮ್ಮ ಪಾಲಿಗೆ ಇಲ್ಲದಂತೆಯೇ. ಆದಕಾರಣ ವಿದ್ಯುತ್ ನಿಲುಗಡೆಗೆ ಸಿದ್ಧವಾಗಿರುವುದು ಪ್ರತಿ ಸಂಸಾರದ ಕರ್ತವ್ಯವೆಂದು ನನ್ನ ಅಭಿಪ್ರಾಯ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಅಪ್ಪ ರೇಷ್ಮೆ ಸೀರೆ ನೇಯುತ್ತಾರೆ; ಅವ್ವ ಕಂಡಿಕೆ ಸುತ್ತುತ್ತಾಳೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಳೆದ ಬೇಸಿಗೆಯಲ್ಲಿ ಗಾಳಿ ಮಳೆಗೆ ಎರಡು ದಿನ ಕರೆಂಟು ಬರಲಿಲ್ಲ. ಮೋಡ ಕವಿದಾಗಲೇ ನಾನು ಬುದ್ಧಿವಂತನಂತೆ ಮೊಬೈಲು ಚಾರ್ಜು ಮಾಡಿಟ್ಟಿದ್ದೆ. ಕೊಡಗಳು ಖಾಲಿಯಿದ್ದುದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಬೆಳಗಾದಾಗ ನಲ್ಲಿಯಲ್ಲಿ ನೀರಿಲ್ಲ. ಕೊಳವೆಬಾವಿಯ ಮೋಟಾರು ನಿಂತಿತ್ತು. ನಾಣ್ಯ ಹಾಕಿ ನೀರು ತರುವ ಶುದ್ಧ ನೀರಿನ ಘಟಕವೂ ಮುಚ್ಚಿತ್ತು. ಕೈಮಗ್ಗಕ್ಕೆ ವಿದ್ಯುತ್ತು ಬೇಡವೆಂಬುದು ನಿಜ. ಆದರೆ ಕಡಿದ ಎಳೆಯನ್ನು ಕೂಡಿಸಲು ಬೆಳಕು ಬೇಕು. ಸಂಜೆಯಾಗುತ್ತಲೇ ಅಪ್ಪ ಕೈಕಟ್ಟಿ ಕುಳಿತರು. ನನ್ನ ತಂಗಿ ಆ ಎರಡು ದಿನವೂ ವಾರ್ಷಿಕ ಪರೀಕ್ಷೆಯ ಓದು ಬಿಟ್ಟು, ಅವ್ವನೊಡನೆ ದೂರದ ತೋಟದಿಂದ ನೀರು ಹೊತ್ತಳು. ಅವ್ವ ನನ್ನನ್ನು ಬೈಯಲಿಲ್ಲ. “ದೀಪ ಇಲ್ದಿದ್ರೆ ಒಂದು ರಾತ್ರಿ ಹೆಂಗೋ ಕಳೀತೈತೆ ಕಣಪ್ಪ, ನೀರಿಲ್ದೆ ಒಲೆ ಹತ್ತಲ್ಲ” ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಕರೆಂಟು ಹೋಯಿತೆಂದರೆ ನೀರು ಹೋಯಿತೆಂದೇ ಅರ್ಥ. ಹೀಗಿರಲು ಸಿದ್ಧತೆಯು ಮೇಣದಬತ್ತಿಯಿಂದಲ್ಲ, ಕೊಡದಿಂದ ಆರಂಭವಾಗಬೇಕು. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 6 ಲೀಟರ್ ಎಂದಿಟ್ಟುಕೊಂಡರೆ, ಅಜ್ಜಿಯೂ ಸೇರಿ ನಾವು ಐವರಿಗೆ ಎರಡು ದಿನಕ್ಕೆ 60 ಲೀಟರ್. ಅಂದರೆ 20 ಲೀಟರಿನ ಮೂರು ಕ್ಯಾನುಗಳು. ಇದೇನು ಭಾರಿ ಖರ್ಚಿನ ಮಾತಲ್ಲ. ಮುಚ್ಚಳ ಭದ್ರವಾಗಿದ್ದರೆ ಸೊಳ್ಳೆಯ ಕಾಟವೂ ಇಲ್ಲ.

ಅನಂತರ ಬೆಳಕು. ಹಿಂದಿನ 60 ವ್ಯಾಟಿನ ಒಂದು ಬಲ್ಬು ಎಳೆಯುತ್ತಿದ್ದ ವಿದ್ಯುತ್ತಿನಲ್ಲಿ ಇಂದು 9 ವ್ಯಾಟಿನ ಆರು ಎಲ್‌ಇಡಿ ಬಲ್ಬುಗಳು ಉರಿಯುತ್ತವೆ. ಆದ್ದರಿಂದ ಬ್ಯಾಟರಿಯ ಒಂದು ಸಣ್ಣ ದೀಪವೇ ಮಗ್ಗದ ಕೋಣೆಗೆ ಸಾಕಾದೀತು. ಅದೂ ಇಲ್ಲದವರಿಗೆ ಹಣತೆಯುಂಟು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ನೆರೆಯವರಾದ ನಮಗೆ ಎಣ್ಣೆಗೆ ಬರವೇ? ಆದರೆ ರೇಷ್ಮೆಯ ಹತ್ತಿರ ಬೆಂಕಿ ಇಡಬಾರದು. ಬೆಂಕಿಪೊಟ್ಟಣ, ಟಾರ್ಚು, ಅಜ್ಜಿಯ ಔಷಧಿ ಇವು ಮನೆಯವರೆಲ್ಲರಿಗೂ ತಿಳಿದ ಒಂದೇ ಗೂಡಿನಲ್ಲಿರಲಿ. ಹರಿದು ಬಿದ್ದ ತಂತಿಯ ಬಳಿ ಯಾರೂ ಸುಳಿಯದಂತೆ ನೋಡಿಕೊಂಡು 1912ಕ್ಕೆ ತಿಳಿಸಬೇಕು.

ಇನ್ನೊಂದು ಮಾತು. ಈ ಕೆಲಸವನ್ನೆಲ್ಲ ಹೆಂಗಸರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪದವಿಗಾಗಿ ಓದುವ ಹುಡುಗನು ಕೊಡ ಹೊತ್ತರೆ ಪದವಿಯ ಗೌರವ ಕುಗ್ಗುವುದಿಲ್ಲ. ತಂಗಿಯ ಓದು ನಿಂತ ಮನೆಯಲ್ಲಿ ಅಣ್ಣನ ಓದಿಗೆ ಏನು ಬೆಲೆ?

ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲುಂಟು. ವಿದ್ಯಾರ್ಥಿ ಮಿತ್ರರೇ, ಈ ಬೇಸಿಗೆಯಲ್ಲಿ ಮೋಡ ಕವಿದ ಸಂಜೆ ಮೊಬೈಲಿನತ್ತ ಕೈಚಾಚುವ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿ ಕೊಡಗಳನ್ನು ನೋಡಿರಿ. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ.