ಕಿಸೆಯಲ್ಲಿ 200 ರೂಪಾಯಿ, ಆದರೂ ಊಟ ಇಲ್ಲ

ಹೋದ ಸೆಮಿಸ್ಟರ್‌ನಿಂದ ನಮ್ಮ ಕ್ಯಾಂಟೀನ್‌ನಲ್ಲಿ ಕ್ಯಾಶ್ ತಗೊಳ್ಳಲ್ಲ. ಬಿಲ್ಲಿಂಗ್ ಕೌಂಟರ್‌ನಲ್ಲಿ ಯುಪಿಐ ಕೂಡ ಇಲ್ಲ. ಏನೇ ತಿಂದರೂ ಆ ನೀಲಿ ಪ್ರೀಪೇಯ್ಡ್ ಕಾರ್ಡ್ ಉಜ್ಜಬೇಕು. ಕಾರ್ಡ್‌ಗೆ ಒಂದು ಸಲಕ್ಕೆ ಕಡಿಮೆ ಅಂದ್ರೂ 500 ರೂಪಾಯಿ ಹಾಕಿಸಬೇಕು. ರೀಚಾರ್ಜ್ ಕಿಟಕಿ ಶನಿವಾರ ಮಧ್ಯಾಹ್ನ ಮುಚ್ಚಿದರೆ ತೆಗೆಯೋದು ಸೋಮವಾರ ಬೆಳಿಗ್ಗೆ.

ನನ್ನ ರೂಮ್‌ಮೇಟ್ ರಾಯಚೂರು ಕಡೆಯವನು. ಒಂದು ಭಾನುವಾರ ರಾತ್ರಿ ಹಾಸ್ಟೆಲ್ ಮೆಸ್ ರಜೆ, ಹೊರಗೆ ಮಳೆ, ಅವನ ಕಾರ್ಡ್‌ನಲ್ಲಿ 9 ರೂಪಾಯಿ, ಕಿಸೆಯಲ್ಲಿ 200ರ ನೋಟು. ಕೌಂಟರ್ ಅಣ್ಣ ಒಳ್ಳೆಯವರೇ, ಆದರೆ "ಕಾರ್ಡ್ ಇಲ್ದೆ ಬಿಲ್ಲೇ ಬರಲ್ಲ ಕಣಪ್ಪ, ನಾನೇನ್ ಮಾಡ್ಲಿ" ಅಂದರಂತೆ. ಇವನು ರೂಮಿಗೆ ವಾಪಸ್ ಬಂದು ಬಿಸ್ಕತ್ ತಿಂದು ಮಲಗಿದ. ಸೋಮವಾರ ಊರಿಂದ ಬಂದ ಮೇಲೆ ನಾನು ಬೈದೆ, ಯಾರನ್ನಾದರೂ ಕೇಳಬಹುದಿತ್ತಲ್ಲೋ ಅಂತ. "ಮಂದಿ ಕಾರ್ಡ್ ಕೇಳಾಕ ನಾಚಿಕಿ ಆತಲೇ" ಅಂದ. ದುಡ್ಡಿಲ್ಲದೆ ಹಸಿದವರ ಕಥೆ ಕೇಳಿದ್ದೆ. ದುಡ್ಡು ಇಟ್ಟುಕೊಂಡು ಹಸಿದವನನ್ನು ನೋಡಿದ್ದು ಇದೇ ಮೊದಲು.

ಕಾರ್ಡ್ ಬಂದಾಗ ನಾನೂ ಖುಷಿಪಟ್ಟವನೇ. ಚಿಲ್ಲರೆ ಬದಲು ಚಾಕ್ಲೇಟ್ ಕೊಡೋದು ನಿಂತಿತು, ಕ್ಯೂ ಬೇಗ ಸಾಗ್ತಿತ್ತು. ಅದು ನಿಜವಾದ ಅನುಕೂಲ, ಒಪ್ಪುತ್ತೇನೆ. ಆದರೆ ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಪ್ರೀಪೇಯ್ಡ್ ಅಂದ ತಕ್ಷಣ ಅದೊಂದು ಟೆಕ್ನಾಲಜಿ ಹೆಸರು ಅಂದ್ಕೊಂಡಿದ್ದೆ. ಕನ್ನಡದಲ್ಲಿ ಹೇಳಿದರೆ ಅದು ಮುಂಗಡ, ಅಷ್ಟೇ. ನಮ್ಮ ಅಜ್ಜಿ ಊರಿನ ಅಂಗಡಿಯಲ್ಲಿ ಈಗಲೂ "ಲೆಕ್ಕಕ್ಕೆ ಬರ್ಕೊಳ್ಳಪ್ಪ" ಅಂತಾರೆ. ಮೊದಲು ಸಾಮಾನು, ತಿಂಗಳ ಕೊನೆಗೆ ದುಡ್ಡು. ಅಂಗಡಿಯವನು ಗಿರಾಕಿಯನ್ನು ನಂಬುತ್ತಾನೆ. ಇಲ್ಲಿ ಉಲ್ಟಾ. ನಾವು 500 ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟು, ಆಮೇಲೆ ದೋಸೆ ರೂಪದಲ್ಲಿ ಕಂತು ಕಂತಾಗಿ ವಸೂಲಿ ಮಾಡ್ಕೋಬೇಕು. ಯುಪಿಐನಲ್ಲಿ ಹೀಗಿಲ್ಲ. ಸ್ಕ್ಯಾನ್ ಮಾಡೋ ಕ್ಷಣದವರೆಗೂ ದುಡ್ಡು ನಮ್ಮ ಅಕೌಂಟ್‌ನಲ್ಲೇ ಇರುತ್ತೆ. ನಮ್ಮ ಮೆಟ್ರೋ ಕಾರ್ಡ್ ಕೂಡ ಮುಂಗಡವೇ, ಆದರೆ ಅದಕ್ಕೆ ಬದಲಾಗಿ ಟಿಕೆಟ್‌ನಲ್ಲಿ 5% ರಿಯಾಯಿತಿ ಸಿಗುತ್ತೆ, ಕಾರ್ಡ್ ಬೇಡ ಅನ್ನೋರಿಗೆ ಟೋಕನ್ ಇದೆ. ನಮ್ಮ ಕ್ಯಾಂಟೀನ್‌ನಲ್ಲಿ ಎರಡೂ ಇಲ್ಲ.

ಮುಂಗಡ ಕೊಟ್ಟ ದುಡ್ಡಿನಲ್ಲಿ ಕೊನೆಗೆ ಉಳಿಯೋ ಚೂರು ಎಲ್ಲಿಗೆ ಹೋಗುತ್ತೆ? ನನಗೆ ಗೊತ್ತು, ಯಾಕಂದ್ರೆ ಅದರಲ್ಲಿ ನಾನೇ ಪಾಲು ತಗೊಂಡಿದ್ದೇನೆ. ಕಳೆದ ವರ್ಷದ ಫೆಸ್ಟ್‌ನಲ್ಲಿ ಫುಡ್ ಸ್ಟಾಲ್‌ಗಳಿಗೂ ಇಂಥದ್ದೇ ಕಾರ್ಡ್ ಇತ್ತು, ನಾನು ಆ ಕೌಂಟರ್‌ನಲ್ಲಿ ವಾಲಂಟಿಯರ್. 100ರ ಕಾರ್ಡ್, 40 ರೂಪಾಯಿಯ ಐಟಂ. ಎರಡು ತಿಂದರೆ 20 ಉಳೀತು, ಅದಕ್ಕೆ ಏನೂ ಬರಲ್ಲ. ರೀಫಂಡ್ ಇಲ್ಲ ಅಂತ ನಾವೇ ಬೋರ್ಡ್ ಹಾಕಿದ್ವಿ. ಹಾಗೆ ಉಳಿದ ದುಡ್ಡಲ್ಲಿ ಕೊನೆಯ ದಿನ ವಾಲಂಟಿಯರ್‌ಗಳಿಗೆಲ್ಲ ಬಿರಿಯಾನಿ ಬಂತು. ನಾನೂ ತಿಂದೆ, ಚೆನ್ನಾಗಿತ್ತು. ಆಗ ಅದು ಯಾರ ದುಡ್ಡು ಅಂತ ಒಬ್ಬರೂ ಕೇಳಲಿಲ್ಲ.

ಅಕೌಂಟಿಂಗ್‌ನಲ್ಲಿ ಇದಕ್ಕೆ ಹೆಸರೇ ಇದೆ, ಬ್ರೇಕೇಜ್ ಅಂತ. ಗಿರಾಕಿ ಮುಂಗಡ ಕೊಟ್ಟು, ಕೊನೆಗೂ ಬಳಸದೆ ಬಿಟ್ಟ ದುಡ್ಡು. ಸ್ಟಾರ್‌ಬಕ್ಸ್ ತನ್ನ ಕಾರ್ಡ್‌ಗಳಲ್ಲಿ ಹೀಗೆ ಉಳಿದದ್ದನ್ನು 2022ರ ಆರ್ಥಿಕ ವರ್ಷದಲ್ಲಿ ಆದಾಯ ಅಂತ ತೋರಿಸಿದ್ದು ಸುಮಾರು 20 ಕೋಟಿ ಡಾಲರ್. ಒಂದು ಕಾಫಿಯನ್ನೂ ಮಾಡದೆ! ನೋಟಿನಲ್ಲಿ ಈ ಆಟ ನಡೆಯಲ್ಲ. 20 ರೂಪಾಯಿ ಉಳಿದರೆ ಅದು ಎಲ್ಲಿ ಬೇಕಾದರೂ 20 ರೂಪಾಯಿಯೇ.

ಆರ್‌ಬಿಐ ಇದೆಯಲ್ಲ, ನೋಡ್ಕೊಳ್ಳುತ್ತೆ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದ್ಕೊಂಡು 2021ರ ಪ್ರೀಪೇಯ್ಡ್ ನಿಯಮಗಳನ್ನು ಓದಿದೆ. ಬೇರೆ ಬೇರೆ ಅಂಗಡಿಗಳಲ್ಲಿ ನಡೆಯೋ ಕಾರ್ಡ್, ವಾಲೆಟ್‌ಗಳಿಗೆ ರಕ್ಷಣೆ ಇದೆ. ಕೊನೆಯ ಸಲ ದುಡ್ಡು ಹಾಕಿದ ದಿನದಿಂದ ಕನಿಷ್ಠ ಒಂದು ವರ್ಷ ಅವು ಚಾಲ್ತಿಯಲ್ಲಿರಬೇಕು, ಅವಧಿ ಮುಗಿಯೋ ಮುಂಚಿನ 45 ದಿನಗಳಲ್ಲಿ ಎಚ್ಚರಿಸಬೇಕು. ಆದರೆ ಕೊಟ್ಟವರ ಹತ್ತಿರ ಮಾತ್ರ ನಡೆಯೋ ನಮ್ಮ ಕ್ಯಾಂಟೀನ್ ಕಾರ್ಡ್‌ನಂಥದ್ದು "ಕ್ಲೋಸ್ಡ್ ಸಿಸ್ಟಮ್". ಅದಕ್ಕೆ ಆರ್‌ಬಿಐ ಅನುಮತಿಯೇ ಬೇಕಿಲ್ಲ. ಅಂದರೆ ನಮ್ಮ ಕಾರ್ಡ್‌ನ ನಿಯಮ ಅಂದ್ರೆ ಕ್ಯಾಂಟೀನ್ ಗೋಡೆಗೆ ಅಂಟಿಸಿರೋ ಆ ಲ್ಯಾಮಿನೇಟೆಡ್ ಹಾಳೆ.

ಇನ್ನೊಂದು ವಿಷಯ, ಸ್ವಲ್ಪ ಪರ್ಸನಲ್. ನನ್ನ ಕಾರ್ಡ್ ಅಪ್ಪನ ನಂಬರ್‌ಗೆ ಲಿಂಕ್ ಆಗಿದೆ. ಒಂದು ಪಫ್ಸ್ ತಿಂದರೂ ಅವರಿಗೆ ಮೆಸೇಜ್ ಹೋಗುತ್ತೆ. "ಏನೋ, 11 ಗಂಟೆಗೆ ಕ್ಲಾಸ್ ಇರಲಿಲ್ವಾ?" ಅಂತ ಫೋನ್. ಊರಿಂದ ಹೊರಡುವಾಗ ಅಜ್ಜಿ ಮಡಚಿ ಮಡಚಿ ಸಣ್ಣದು ಮಾಡಿದ ನೋಟನ್ನು ಯಾರಿಗೂ ಕಾಣದ ಹಾಗೆ ಕೈಗೆ ತುರುಕುತ್ತಾರಲ್ಲ, ಅದನ್ನು ಕಾರ್ಡ್‌ನಲ್ಲಿ ಹೇಗೆ ಮಾಡೋದು? ಆ ನೋಟಿನ ಹಿಂದಿನ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡ. ನಮ್ಮ ಕಾರ್ಡ್ ಮೇಲೆ ಒಂದಕ್ಷರ ಕನ್ನಡ ಇಲ್ಲ. (ಕನ್ನಡ ಸಂಘದವನಾಗಿ ಇಷ್ಟು ಹೇಳದೆ ಇರೋಕಾಗಲ್ಲ.)

ಕಾರ್ಡ್ ತೆಗೆದುಹಾಕಿ ಅಂತ ನಾನು ಕೇಳ್ತಿಲ್ಲ. ಬೇಕಾದವರು ಬಳಸಲಿ. ಒಂದು ಕೌಂಟರ್‌ನಲ್ಲಿ ಕ್ಯಾಶ್ ತಗೊಳ್ಳಲಿ, 50 ರೂಪಾಯಿ ಕೂಡ ರೀಚಾರ್ಜ್ ಆಗಲಿ, ಸೆಮಿಸ್ಟರ್ ಕೊನೆಗೆ ಉಳಿದದ್ದು ವಾಪಸ್ ಬರಲಿ. ಫೈನಲ್ ಇಯರ್‌ನವರು ಜೂನ್‌ನಲ್ಲಿ ಹೊರಡ್ತಾರೆ, ಅವರ ಕಾರ್ಡ್‌ಗಳಲ್ಲಿ ಉಳಿಯೋ ದುಡ್ಡಿಗೆ ಈಗಿನ ನಿಯಮದಲ್ಲಿ ದಾರಿಯೇ ಇಲ್ಲ.

ಇಷ್ಟನ್ನು ಒಂದು ಅರ್ಜಿಯಲ್ಲಿ ಬರೆದಿದ್ದೇವೆ. ರೂಮ್‌ಮೇಟ್ ಮೊದಲ ಸಹಿ ಹಾಕಲ್ಲ ಅಂದ, ಎರಡನೆಯದು ಹಾಕಿದ. ಶುಕ್ರವಾರದವರೆಗೆ ಲಂಚ್ ಬ್ರೇಕ್‌ನಲ್ಲಿ ಲೈಬ್ರರಿ ಮೆಟ್ಟಿಲ ಹತ್ತಿರ ಇರ್ತೀವಿ. ಪೆನ್ ತನ್ನಿ, ನಮ್ಮ ಹತ್ತಿರ ಇರೋದು ಒಂದೇ.